ಸುಬೇದಾರನ ಕಿಡ್ನಿ, ವಿರೂಪಾಕ್ಷಪ್ಪನ ಹೆಸರು

ಕರ್ಜಗಿಯ ವಿರೂಪಾಕ್ಷಪ್ಪನಿಗೆ ಎಂಟೆಕರೆ ಹತ್ತಿ ಹೊಲವಿತ್ತು, ಕರೆವ್ವ ಎಂಬ ಹೆಂಡತಿ ಇದ್ದಳು, ಸುಬೇದಾರ ಎಂಬ ಹೋರಿ ಇತ್ತು. ಅವನ ಮನಸ್ಸಿನಲ್ಲಿ ಹೋರಿ ಮೊದಲು, ಹೊಲ ಆಮೇಲೆ. ಕರೆವ್ವ ಎಷ್ಟನೆಯವಳು ಎಂದು ಇಪ್ಪತ್ತೆಂಟು ವರ್ಷದ ಸಂಸಾರದಲ್ಲಿ ಅವಳೂ ಕೇಳಿರಲಿಲ್ಲ, ಅವನೂ ಯೋಚಿಸಿರಲಿಲ್ಲ.

ಮನುಷ್ಯ ಕೆಟ್ಟವನಲ್ಲ. ಹೆಸರಿನ ಹುಚ್ಚು, ಅಷ್ಟೆ. ಒಮ್ಮೆ ಸೊಸೈಟಿ ಚುನಾವಣೆಗೆ ನಿಂತು ಹನ್ನೊಂದು ಓಟಿನಿಂದ ಸೋತ. ಇನ್ನೊಮ್ಮೆ ಪಂಚಾಯಿತಿಗೆ ನಿಂತು ಸೋತಾಗ ತನ್ನ ಓಣಿಯವರೇ ಓಟು ಹಾಕಿಲ್ಲವೆಂದು ತಿಳಿದು ಮೂರು ದಿನ ಊಟ ಬಿಟ್ಟ. ನಾಲ್ಕನೆಯ ದಿನ ಹೋಗಿ ಒಂದು ಹೋರಿಗರು ಹಿಡಿದುಕೊಂಡು ಬಂದ. ಜನರನ್ನು ನಂಬಿ ಕೆಟ್ಟವನು ಇನ್ನು ದನವನ್ನು ನಂಬುತ್ತೇನೆ ಎಂದ. ದನ ಅವನಿಗೆ ಮೋಸ ಮಾಡಲಿಲ್ಲ.

ಹೋರಿ ಬೆದರಿಸುವ ಆಟವನ್ನು ಹಾವೇರಿ ಸೀಮೆಯವರಿಗೆ ಯಾರೂ ವಿವರಿಸಬೇಕಾಗಿಲ್ಲ. ಉಳಿದವರು ಇಷ್ಟು ತಿಳಿದರೆ ಸಾಕು. ದೀಪಾವಳಿ ಪಾಡ್ಯದಿಂದ ಶುರುವಾಗುತ್ತದೆ. ಹೋರಿಯ ಕೊರಳಿಗೆ ಒಣಕೊಬ್ಬರಿ ಸರ ಕಟ್ಟಿ, ಕೊಂಬಿಗೆ ಬಲೂನು ಕಟ್ಟಿ, ಬೆನ್ನಿಗೆ ಬಣ್ಣದ ಝೂಲ ಹೊದಿಸಿ, ಸಾವಿರಾರು ಜನರ ನಡುವೆ ಓಡಲು ಬಿಡುತ್ತಾರೆ. ಕೊಬ್ಬರಿ ಹರಿದವನು ಗಂಡಸು. ಹರಿಸಿಕೊಳ್ಳದೆ ದಾಟಿದ ಹೋರಿ ದೊರೆ. ಸುಬೇದಾರ ನಾಲ್ಕು ವರ್ಷದಲ್ಲಿ ಒಂದು ಬಟ್ಟಲು ಕೊಬ್ಬರಿಯನ್ನೂ ಬಿಟ್ಟುಕೊಟ್ಟಿರಲಿಲ್ಲ. ಮೈಕಿನಲ್ಲಿ "ಕರ್ಜಗಿಯ ವಿರೂಪಾಕ್ಷಪ್ಪನವರ ಸುಬೇದಾರ" ಎಂದು ಕೂಗಿದಾಗ ಓಟು ಹಾಕದ ಅದೇ ಓಣಿಯವರು ಸಿಳ್ಳೆ ಹೊಡೆಯುತ್ತಿದ್ದರು. ವಿರೂಪಾಕ್ಷಪ್ಪನಿಗೆ ಆ ಹೊತ್ತಿನಲ್ಲಿ ಮೀಸೆಯ ಒಂದೊಂದು ಕೂದಲೂ ಬೇರೆ ಬೇರೆಯಾಗಿ ನೆಟ್ಟಗಾಗುತ್ತಿತ್ತು.

ಹೀಗಾಗಿ ಸುಬೇದಾರನಿಗೆ ದಿನಕ್ಕೆ ಎಂಟು ತತ್ತಿ, ಬೆಣ್ಣೆ, ಹುರುಳಿ, ವಾರಕ್ಕೊಮ್ಮೆ ಬದಾಮಿ. ಕರೆವ್ವ ಮಂಡಿನೋವಿಗೆ ಒಂದು ಬಾಟಲಿ ಎಣ್ಣೆ ತನ್ನಿ ಎಂದರೆ, "ವಯಸ್ಸಾತಂದ್ರ ಎಲ್ಲಾರಿಗೂ ನೋಯತೈತಿ, ತಡಕೋ" ಎನ್ನುವುದು.

ಎರಡು ಸಾವಿರದ ಏಳನೆಯ ಇಸವಿಯ ಶ್ರಾವಣ. ನಾಗರಪಂಚಮಿ ಮುಗಿದ ಮೂರನೆಯ ದಿನ ವಿರೂಪಾಕ್ಷಪ್ಪ ಹೋರಿಯ ಮೈ ತಿಕ್ಕುತ್ತಿದ್ದಾಗ ಅದು ಉಚ್ಚೆ ಹೊಯ್ಯಿತು. ಮೊದಲು ಎಂದಿನ ಹಳದಿ ಬಂತು, ಕೊನೆಗೆ ಕೆಂಪು. ಅವನು ಸುತ್ತ ನೋಡಿದ. ಹೋರಿಗೆ ಏನಾಯಿತೆಂದು ಅಲ್ಲ, ಯಾರಾದರೂ ನೋಡಿದರೇನೋ ಎಂದು.

ನೋಡಿದವನು ಬಾಬಾಜಾನ ಒಬ್ಬನೆ. ಟೆಂಪೋ ಓಡಿಸುವವನು, ಹೋರಿಯನ್ನು ಊರಿಂದೂರಿಗೆ ಸಾಗಿಸುವುದೂ, ಅದಕ್ಕೆ ಝೂಲ ಹೊಲಿಯುವುದೂ ಅವನೆ.

"ಬ್ಯಾಡಗಿ ಮೆಣಸಿನಕಾಯಿ ಇರಬೇಕ್ರಿ ಯಜಮಾನ್ರ," ಎಂದ ಬಾಬಾಜಾನ. "ಮೊನ್ನೆ ಟೆಂಪೋದಾಗ ಕಾಯಿ ಚೀಲ ಹಾಕಿದ್ದೆ. ಹಲಗಿ ಮ್ಯಾಲಿನ ಪುಡಿ ನೆಕ್ಕಿದ್ದು ನಾ ನೋಡೇನಿ. ಬಣ್ಣಕ್ಕ ಹೆಸರಾದ ಕಾಯಿ ಅದು."

ಆ ಮಾತನ್ನು ನಂಬಿ ಒಂದು ವಾರ ಕಳೆಯಿತು. ಯಾವ ಮೆಣಸಿನಕಾಯಿಯ ಬಣ್ಣವೂ ಹೊಟ್ಟೆಯಲ್ಲಿ ಒಂದು ವಾರ ನಿಲ್ಲುವುದಿಲ್ಲ ಎಂದು ಕೊನೆಗೆ ವಿರೂಪಾಕ್ಷಪ್ಪನಿಗೂ ಅನ್ನಿಸಿತು. ಊರಲ್ಲೇ ದನದ ದವಾಖಾನೆ ಇತ್ತು, ಆದರೆ ಅದರ ಮಗ್ಗುಲಿಗೇ ಚಹಾದಂಗಡಿ. ಹೋರಿಯನ್ನು ಅಲ್ಲಿಗೆ ಹೊಡೆದುಕೊಂಡು ಹೋದರೆ ಕುಡಿಯುವವರ ಚಹಾ ಆರುವ ಮೊದಲು ಸುದ್ದಿ ಕದರಮಂಡಲಗಿ ಮುಟ್ಟುತ್ತದೆ. ಅಲ್ಲಿ ಮನೋಹರ ಇದ್ದ. ಅವನ ಹೋರಿ ರಾಕೆಟ್, ಸುಬೇದಾರನಿಗೆ ನಾಲ್ಕು ವರ್ಷದಿಂದ ಎದುರಾಳಿ.

ಸುಬೇದಾರ ಗುಣವಾಗಬೇಕು, ಆದರೆ ಅದಕ್ಕೆ ರೋಗ ಬಂದದ್ದು ಒಂದು ನರಪಿಳ್ಳೆಗೂ ತಿಳಿಯಬಾರದು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎನ್ನುವಂಥ ಈ ಎರಡು ಆಸೆಗಳನ್ನು ಒಂದೇ ನೊಗಕ್ಕೆ ಕಟ್ಟಲು ವಿರೂಪಾಕ್ಷಪ್ಪ ಒಂದು ಉಪಾಯ ಹೂಡಿದ. ಹೋರಿಯ ಉಚ್ಚೆಯನ್ನು ಲೀಟರ್ ಬಾಟಲಿಯಲ್ಲಿ ಹಿಡಿದು, ಹಾವೇರಿ ಬಸ್‌ಸ್ಟ್ಯಾಂಡ್ ಹತ್ತಿರದ ಮನುಷ್ಯರ ಲ್ಯಾಬಿಗೆ ಹೋಗಿ, ತನ್ನದೆಂದು ಕೊಟ್ಟ.

ಲ್ಯಾಬಿನ ಯಲ್ಲೇಶ ಬಾಟಲಿಯನ್ನೂ ಅವನನ್ನೂ ಒಂದೊಂದು ಸಲ ನೋಡಿದ. "ಇಷ್ಟು ಬೇಕಾಗಿರಲಿಲ್ರಿ. ವಯಸ್ಸು ಎಷ್ಟು?"

"ಏಳು," ಎಂದವನು ಕೆಮ್ಮಿದ. "ಐವತ್ತೆರಡು."

ರಿಪೋರ್ಟ್ ಬಂತು. ಯಲ್ಲೇಶ ಅದನ್ನು ಕೊಡುವಾಗ ಕುರ್ಚಿ ಎಳೆದು ಕೂರಿಸಿದ. ಇಷ್ಟು ರಕ್ತ ಹೋಗುತ್ತಿರುವ ಮನುಷ್ಯ ಬೈಕ್ ಓಡಿಸಿಕೊಂಡು ಬಂದಿದ್ದಾನೆ ಎಂಬುದೇ ಅವನಿಗೆ ಸೋಜಿಗ. ಅವನೇ ಎದುರಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದ. ಡಾಕ್ಟರು ರಿಪೋರ್ಟ್ ನೋಡಿ, ಕಿಡ್ನಿಯಲ್ಲಿ ಹರಳು ಇರಬಹುದು, ಗಡ್ಡೆಯೂ ಇರಬಹುದು, ಸ್ಕ್ಯಾನಿಂಗ್ ಮಾಡಿಸಬೇಕು ಎಂದರು. ಸದ್ಯಕ್ಕೆ ಗುಳಿಗೆ ಬರೆಯಲು ತೂಕ ಎಷ್ಟೆಂದು ಕೇಳಿದರು.

"ನಾಲ್ಕೂವರಿ ಕ್ವಿಂಟಲ್," ಎಂದ ವಿರೂಪಾಕ್ಷಪ್ಪ.

ಡಾಕ್ಟರು ಪೆನ್ನು ಎತ್ತಿ ನೋಡಿದರು. ರೋಗದ ಗಾಬರಿಯಲ್ಲಿ ಜನ ಏನೇನೋ ಹೇಳುತ್ತಾರೆ ಎಂದುಕೊಂಡು ತಾವೇ ಐವತ್ತು ಕಿಲೋ ಎಂದು ಅಂದಾಜು ಮಾಡಿ ಬರೆದರು.

ಯಲ್ಲೇಶನ ಅತ್ತೆಯ ಮನೆ ಕರ್ಜಗಿಯಲ್ಲಿತ್ತು, ಆ ಹೊತ್ತಿಗೆ ಮನೆಮನೆಗೂ ಮೊಬೈಲ್ ಬಂದಿತ್ತು. ವಿರೂಪಾಕ್ಷಪ್ಪ ಬೈಕ್ ನಿಲ್ಲಿಸುವಾಗ ಪಡಸಾಲೆಯಲ್ಲಿ ಐದಾರು ಹೆಂಗಸರ ನಡುವೆ ಕರೆವ್ವ ಕುಳಿತಿದ್ದಳು.

"ಖರೇ ಹೇಳ್ರಿ," ಎಂದಳು. "ಡಾಕ್ಟ್ರು ಏನಂದ್ರು?"

ಹೇಳಿಬಿಡೋಣ ಎಂದು ಬಾಯಿ ತೆರೆದ. ಕಟ್ಟೆಯ ಮೇಲೆ ಹೋರಿಯ ಅಭಿಮಾನಿ ಹುಡುಗರು ಕಿವಿ ಅಗಲಿಸಿಕೊಂಡು ಕುಳಿತಿದ್ದರು. ಪಾಡ್ಯಕ್ಕೆ ಎರಡೂವರೆ ತಿಂಗಳಿತ್ತು. "ಕಿಡ್ನ್ಯಾಗ ಗಡ್ಡಿ ಇರಬಹುದಂತ," ಎಂದ. ಯಾರ ಕಿಡ್ನಿ ಎಂದು ಅವನು ಹೇಳಲಿಲ್ಲ, ಯಾರೂ ಕೇಳಲೂ ಇಲ್ಲ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ.

ಮಾರನೆಯ ದಿನದಿಂದ ಮಾತಾಡಿಸಲು ಬರುವವರ ಸಾಲು ಹತ್ತಿತು. ಬಂದವರೆಲ್ಲ ಒಂದು ಡಜನ್ ಬಾಳೆಹಣ್ಣು ಕೊಟ್ಟು, ಇದೇ ರೋಗದಿಂದ ಸತ್ತ ತಮ್ಮ ಪರಿಚಯದವನೊಬ್ಬನ ಕಥೆ ಹೇಳಿ, ಧೈರ್ಯವಾಗಿರಿ ಎಂದು ಹೋಗುತ್ತಿದ್ದರು. ಬಾಳೆಹಣ್ಣು, ಎಳನೀರು, ಬಾರ್ಲಿ ಎಲ್ಲವೂ ಹಿತ್ತಲ ಬಾಗಿಲಿನಿಂದ ಸುಬೇದಾರನ ಗೋದಲಿಗೆ ಹೋಗುತ್ತಿತ್ತು. ಡಾಕ್ಟರು ಬರೆದ ಗುಳಿಗೆಯನ್ನು ಅವನು ಒಂಬತ್ತರಿಂದ ಗುಣಿಸಿ ಬೆಲ್ಲದಲ್ಲಿ ಸುತ್ತಿ ತಿನ್ನಿಸಿದ. ಓದಿದ್ದು ಎಸ್ಸೆಸ್ಸೆಲ್ಸಿ, ಆದರೂ ಗಣಿತ ಗಟ್ಟಿ ಎಂದು ಬಾಬಾಜಾನನ ಮುಂದೆ ಹೇಳಿಕೊಂಡ.

ಸುಳ್ಳಿನಲ್ಲಿ ಒಂದು ಸುಖವೂ ಇತ್ತು. ಕರೆವ್ವ ಅವನಿಗೆ ಬಿಸಿ ರೊಟ್ಟಿಯನ್ನು ಹರಿದು ಹಾಲಿನಲ್ಲಿ ನೆನೆಸಿ ಕೊಡುತ್ತಿದ್ದಳು. ರಾತ್ರಿ ಎರಡು ಸಲ ಎದ್ದು ಉಸಿರು ನೋಡುತ್ತಿದ್ದಳು. ಕದರಮಂಡಲಗಿ ಹಣಮಪ್ಪನಿಗೆ ಹರಕೆ ಹೊತ್ತು, ಚಪ್ಪಲಿ ಬಿಟ್ಟು, ದಿನಕ್ಕೆ ಒಪ್ಪತ್ತು ಊಟ ಮಾಡುತ್ತ, ಶನಿವಾರಕ್ಕೊಮ್ಮೆ ಬಸ್ಸು ಬದಲಿಸಿ ಬದಲಿಸಿ ಗುಡಿಗೆ ಹೋಗುತ್ತಿದ್ದಳು. ಮಂಡಿನೋವಿನ ಕಾಲು ಅದೇ. ವಿರೂಪಾಕ್ಷಪ್ಪ ಮಂಚದ ಮೇಲೆ ಮಲಗಿ ಅವಳು ಕುಂಟುತ್ತ ಹೋಗುವುದನ್ನು ನೋಡುತ್ತಿದ್ದ. ಪಾಡ್ಯ ಮುಗಿಯಲಿ, ಹೇಳಿಬಿಡುತ್ತೇನೆ ಎಂದು ಮಗ್ಗಲು ಬದಲಿಸುತ್ತಿದ್ದ.

ಗುಡಿಯಲ್ಲಿ ಅವಳಿಂದ ಸುದ್ದಿ ಕೇಳಿದ ಮನೋಹರ ಒಂದು ದಿನ ದೊಡ್ಡ ಹಾರ್ಲಿಕ್ಸ್ ಡಬ್ಬಿ ಹಿಡಿದು ಬಂದ. ಮೂವತ್ತೈದರ ಹುರುಪಿನ ಆಳು.

"ಕಾಕಾ, ನೀವು ಆರಾಮಾಗ್ರಿ. ಈ ಸಲ ಸುಬೇದಾರನ್ನ ನಾನ ಹಿಡಕೊಂಡು ಹೋಗ್ತೀನಿ, ನಿಮ್ಮ ಹೆಸರಲೇ ಬಿಡ್ತೀನಿ," ಎಂದ. ಕಣ್ಣಲ್ಲಿ ನೀರಿತ್ತು. "ಒಂದ್ಸಲ ಹೋರಿ ನೋಡಿ ಹೋಗ್ಲೇನ್ರಿ?"

"ಬ್ಯಾಡಪಾ. ನನಗ ಹಿಂಗಾದಾಗಿಂದ ಅದು ಯಾರನ್ನೂ ಸೇರಸವಲ್ದು," ಎಂದ ವಿರೂಪಾಕ್ಷಪ್ಪ. ಹೋರಿಯ ನಿಷ್ಠೆಯನ್ನು ಮನೋಹರ ಊರೆಲ್ಲ ಹೊಗಳುತ್ತ ಹೋದ.

ಒಳಗೆ ಸುಬೇದಾರನ ಪಕ್ಕೆಲುಬು ಎಣಿಸಬಹುದಿತ್ತು. ಉಚ್ಚೆಯಲ್ಲಿ ಈಗ ಹೆಪ್ಪುಗಟ್ಟಿದ ರಕ್ತದ ಗರಣೆ ಬೀಳುತ್ತಿತ್ತು. ಹೊಟ್ಟೆಯನ್ನು ಹಿಂಗಾಲಿನಿಂದ ಒದ್ದುಕೊಳ್ಳುತ್ತಿತ್ತು, ತತ್ತಿ ಮೂಸಿ ಬಿಡುತ್ತಿತ್ತು. ಕಂಡವರಿಗೆ ಕಾಣದಿರಲೆಂದು ಹಗಲೆಲ್ಲ ಝೂಲ ಹೊದಿಸಿ, ಸೊಳ್ಳೆ ಕಾಟ ಎಂದು ಹೇಳುವುದು. ಹೀಗೆ ಶ್ರಾವಣ ಹೋಯಿತು, ಗಣಪತಿ ಕೂತು ಎದ್ದ, ಮಹಾನವಮಿ ಹತ್ತಿರ ಬಂತು.

"ಯಜಮಾನ್ರ," ಎಂದ ಬಾಬಾಜಾನ ಒಂದು ಮುಂಜಾನೆ, "ನಿಮಗ ಬಂದ ರೋಗಕ್ಕ ಹೋರಿ ಸಾಯಾಕತ್ತೈತಿ. ಇವತ್ತ ಗಾಡಿ ಹತ್ತಸೂಣು, ಇಲ್ಲಂದ್ರ ನಾ ಚಹಾದಂಗಡ್ಯಾಗ ನಿಂತು ಹೇಳ್ತೇನಿ."

ಕರೆವ್ವನಿಗೆ ಸ್ಕ್ಯಾನಿಂಗಿಗೆ ಹೋಗುತ್ತೇನೆ, ಎರಡು ದಿನ ಆದೀತು ಎಂದು ಹೇಳಿ, ಟೆಂಪೋಗೆ ತಾಡಪಾಲು ಕಟ್ಟಿ ರಾಣೆಬೆನ್ನೂರಿಗೆ ಹೊರಟರು. ಅಲ್ಲಿ ಶಶಿಕಾಂತ ಎಂಬ ದನದ ಡಾಕ್ಟರ ಕೈ ಒಳ್ಳೆಯದು ಎಂದು ಬಾಬಾಜಾನ ಕೇಳಿದ್ದ. ಕರ್ಜಗಿಯವರು ಯಾರೂ ಅಲ್ಲಿಗೆ ದನ ತರುವುದಿಲ್ಲ ಎಂಬುದು ವಿರೂಪಾಕ್ಷಪ್ಪನಿಗೆ ಅದಕ್ಕಿಂತ ಮುಖ್ಯವಾಗಿತ್ತು.

ಡಾಕ್ಟರು ಉಚ್ಚೆಯನ್ನು ಗಾಜಿನ ಬಾಟಲಿಯಲ್ಲಿ ಹಿಡಿದು ಕಿಟಕಿಯಲ್ಲಿಟ್ಟರು. ಅರ್ಧ ಗಂಟೆಯಲ್ಲಿ ಕೆಂಪೆಲ್ಲ ತಳಕ್ಕಿಳಿದು ಮೇಲೆ ತಿಳಿಯಾಯಿತು. "ಉಣ್ಣಿ ಕಡಿದು ಬರೋ ಜ್ವರ ಆಗಿದ್ರ ಪೂರಾ ಕೆಂಪ ಉಳೀತಿತ್ತು. ಇದು ಒಳಗ ಎಲ್ಲೋ ಗಾಯ ಆಗಿ ಬರಾಕತ್ತಿರೋ ರಕ್ತ," ಎಂದರು. ಆಮೇಲೆ ಭುಜದವರೆಗೂ ಕೈಗವಸು ತೊಟ್ಟು, ಹೋರಿಯ ಹಿಂದಿನಿಂದ ಕೈ ಹಾಕಿ, ಕಣ್ಣು ಮುಚ್ಚಿ ತಡಕಿದರು. ದನದ ಎಡಗಿಡ್ನಿ ಹಾಗೆ ಕೈಗೆ ಸಿಗುತ್ತದೆ. ದ್ರಾಕ್ಷಿ ಗೊಂಚಲಿನ ಹಾಗೆ ಗುಳಿಗುಳಿಯಾಗಿರಬೇಕು. ಇದು ಸುಲಿಯದ ತೆಂಗಿನಕಾಯಿಯಷ್ಟು ಬೆಳೆದು ಗಟ್ಟಿಯಾಗಿತ್ತು.

"ಗಡ್ಡಿ," ಎಂದರು ಕೈ ತೊಳೆಯುತ್ತ. "ಎಷ್ಟು ದಿನ ಆತು ರಕ್ತ ಹೋಗಾಕತ್ತಿ?"

"ಎಂಟು ದಿನ," ಎಂದ ವಿರೂಪಾಕ್ಷಪ್ಪ.

"ಎರಡು ತಿಂಗಳಿಗೆ ಬಂತ್ರಿ ಸಾಹೇಬ್ರ," ಎಂದ ಬಾಬಾಜಾನ.

ಡಾಕ್ಟರು ಬೈಯಲಿಲ್ಲ. ಹೋರಿಯ ರಕ್ತವನ್ನು ಹೋರಿಯದೇ ಹೆಸರು ಬರೆದು ಪರೀಕ್ಷೆಗೆ ಕಳಿಸಿದರು. ಬಲಗಿಡ್ನಿ ಕೆಲಸ ಮಾಡುತ್ತಿದೆ ಎಂದು ತಿಳಿಯಿತು. ಒಂದೇ ಕಿಡ್ನಿಯ ಮೇಲೆ ದನ ಬದುಕುತ್ತದೆ, ಕೆಟ್ಟದ್ದನ್ನು ತೆಗೆಯಬೇಕು. ಹುಬ್ಬಳ್ಳಿಯಲ್ಲಿದ್ದ ತಮ್ಮ ಗೆಳೆಯ ಡಾಕ್ಟರನ್ನೂ ಜೊತೆಗೆ ಕರೆಸಿಕೊಂಡರು. ಶನಿವಾರ ಮುಂಜಾನೆ ಎಲ್ಲ ಸಿದ್ಧವಾಯಿತು. ಆಗ ಒಂದು ಮಾತು ಹೇಳಿದರು.

"ಯಜಮಾನ್ರ, ಇದರ ಮೈಯಾಗ ರಕ್ತ ಉಳಿದಿಲ್ಲ. ಗಟ್ಟಿಮುಟ್ಟಾದ ಇನ್ನೊಂದು ಹೋರಿ ಬೇಕು, ನಾಲ್ಕೈದು ಲೀಟರ್ ರಕ್ತ ತಗೋಬೇಕು. ಮಧ್ಯಾಹ್ನದೊಳಗ ತರಸ್ರಿ. ಇಲ್ಲಂದ್ರ ನಾ ಚಾಕು ಹಚ್ಚಂಗಿಲ್ಲ."

ಮಧ್ಯಾಹ್ನದೊಳಗೆ ರಾಣೆಬೆನ್ನೂರು ಮುಟ್ಟುವಷ್ಟು ಹತ್ತಿರ ಅಂಥ ಹೋರಿ ಇದ್ದದ್ದು ಒಂದೇ ಕಡೆ. ವಿರೂಪಾಕ್ಷಪ್ಪ ಅಂಗಳದಲ್ಲಿ ಮೂರು ಸುತ್ತು ಹಾಕಿದ. ಸುಬೇದಾರ ಕಂಬಕ್ಕೆ ತಲೆ ಒರಗಿಸಿ ನಿಂತಿತ್ತು. ಎದುರು ಬಂದವರೆಲ್ಲರಿಗೂ ಕೊಂಬು ತೋರುತ್ತಿದ್ದ ಪ್ರಾಣಿ, ಮೂಗಿನ ಮೇಲೆ ಕುಳಿತ ನೊಣವನ್ನೂ ಓಡಿಸದೆ ಅವನನ್ನೇ ನೋಡುತ್ತಿತ್ತು. ಬಾಬಾಜಾನ ನಂಬರು ಒತ್ತಿ ಮೊಬೈಲನ್ನು ಅವನ ಕಿವಿಗೆ ಹಿಡಿದ.

"ಮನೋಹರಾ, ರಕ್ತ ಬೇಕಾಗೇತಪಾ. ರಾಣೆಬೆನ್ನೂರಾಗ ಅದೇನಿ. ಇವತ್ತ ಆಪರೇಶನ್."

"ಅಯ್ಯ, ಕೇಳಬೇಕೇನ್ರಿ ಕಾಕಾ? ನಂದು ಬಿ ಪಾಸಿಟಿವ್. ಇನ್ನೂ ನಾಲ್ಕು ಹುಡುಗುರನ್ನ ಕರಕೊಂಡು ಬರ್ತೇನಿ. ಯಾವ ದವಾಖಾನಿ?"

"ನಿಂದಲ್ಲೋ. ರಾಕೆಟ್‌ಂದು ಬೇಕು."

ರೋಗಿಗೆ ತಲೆ ಕೆಟ್ಟಿರಬೇಕು ಎಂದು ಮನೋಹರ ಮೊದಲು ತಿಳಿದ. ಆಮೇಲೆ ವಿರೂಪಾಕ್ಷಪ್ಪ ಎಲ್ಲವನ್ನೂ ಹೇಳಿದ. ಹೇಳುವಾಗ ಅವನ ಮೀಸೆ ಎರಡೂ ಬದಿಗೆ ಇಳಿದಿತ್ತು.

"ಹಾರ್ಲಿಕ್ಸ್?" ಎಂದ ಮನೋಹರ ಕೊನೆಗೆ.

"ಹೋರಿಗೆ ಹಾಕಿದೆ."

"ಬರ್ತೇನಿ," ಎಂದು ಫೋನ್ ಇಟ್ಟ.

ಎರಡು ತಾಸಿನಲ್ಲಿ ಗಾಡಿ ಬಂತು. ಹಿಂದೆ ರಾಕೆಟ್ ಇತ್ತು. ಮುಂದೆ, ಡ್ರೈವರನ ಮಗ್ಗುಲಿಗೆ ಕರೆವ್ವ ಕುಳಿತಿದ್ದಳು. ಶನಿವಾರವಲ್ಲವೆ, ಗುಡಿಯಲ್ಲಿ ಸಿಕ್ಕಿದ್ದಳು. ಕಾಕಾನ ಆಪರೇಶನ್ ಎಂದೇನೂ ಹೇಳದೆ, ರಾಣೆಬೆನ್ನೂರಿನಲ್ಲಿದ್ದಾರೆ ಬರ್ರಿ ಎಂದಷ್ಟೇ ಹೇಳಿ ಮನೋಹರ ಕೂರಿಸಿಕೊಂಡು ಬಂದಿದ್ದ. ಮಿಕ್ಕದ್ದನ್ನು ಹೇಳುವ ಎದೆಗಾರಿಕೆ ಅವನಿಗೂ ಇರಲಿಲ್ಲ. ಕರೆವ್ವ ಬರಿಗಾಲಲ್ಲಿ ಇಳಿದು, ಸೆರಗಿನಲ್ಲಿ ಗುಡಿಯ ಅಂಗಾರದ ಪುಡಿಕೆ ಹಿಡಿದು, ಬಿಳಿ ಕೋಟಿನವರ ಹತ್ತಿರ ಓಡಿದಳು.

"ಇವರು ಉಳೀತಾರೇನ್ರಿ ಡಾಕ್ಟ್ರ?"

"ಯಾರು, ಯಜಮಾನ್ರಾ?" ಎಂದರು ಶಶಿಕಾಂತ. "ಇವರನ್ನ ನಾ ನೋಡಂಗಿಲ್ಲವ್ವಾ, ನಾ ದನದ ಡಾಕ್ಟರು. ಇವರಿಗೇನಾಗೇತಿ?"

ಬಾಬಾಜಾನ ಟೆಂಪೋದ ಟೈರನ್ನು ಬಹಳ ಶ್ರದ್ಧೆಯಿಂದ ಪರೀಕ್ಷಿಸತೊಡಗಿದ. ಕರೆವ್ವ ಗಂಡನನ್ನು ನೋಡಿದಳು, ಕಂಬಕ್ಕೆ ಒರಗಿದ್ದ ಹೋರಿಯನ್ನು ನೋಡಿದಳು. ಮೊದಲು ಅವಳಿಗೆ ಬಂದದ್ದು ಸಮಾಧಾನ; ಮನುಷ್ಯ ಸಾಯುವುದಿಲ್ಲ. ಅಲ್ಲೇ ಕುಸಿದು ಕುಳಿತು ಅತ್ತಳು. ಅಳು ಮುಗಿದ ಮೇಲೆ ಕಾಲಿನ ಬಿರುಕುಗಳನ್ನು ನೋಡಿಕೊಂಡಳು.

ರಾಕೆಟ್‌ನ ಕೊರಳ ನರದಿಂದ ರಕ್ತ ತೆಗೆದು ಸುಬೇದಾರನಿಗೆ ಏರಿಸಿದರು. ಬೆನ್ನೆಲುಬಿನ ಪಕ್ಕ ಮರಗಟ್ಟಿಸುವ ಸೂಜಿ ಚುಚ್ಚಿ, ಹೋರಿಯನ್ನು ನಿಲ್ಲಿಸಿಕೊಂಡೇ ಬಲಪಕ್ಕೆ ಬೋಳಿಸಿದರು.

"ಎಡಗಿಡ್ನಿ ಅಂದ್ರಲ್ರಿ?" ಎಂದ ವಿರೂಪಾಕ್ಷಪ್ಪ. "ಬಲಕ್ಕ ಜನ ನಿಲ್ತಾರ. ಕಲೆ ಕಾಣತೈತಿ. ಎಡಕ್ಕ ಕೊಯ್ರಿ."

ಎಡಕ್ಕೆ ದೊಡ್ಡ ಹೊಟ್ಟೆ ಇರುತ್ತದೆ, ಅದು ಎಡಗಿಡ್ನಿಯನ್ನು ಬಲಕ್ಕೆ ನೂಕಿರುತ್ತದೆ ಎಂದು ಡಾಕ್ಟರು ವಿವರಿಸಿದರು. ಆಮೇಲೆ, ಇನ್ನೊಂದು ಮಾತಾಡಿದರೆ ಗೇಟಿನ ಹೊರಗೆ ನಿಲ್ಲಿಸುತ್ತೇನೆ ಎಂದೂ ಸಮಾಧಾನವಾಗಿ ಹೇಳಿದರು.

ಮೂರು ತಾಸು ಹಿಡಿಯಿತು. ರಕ್ತನಾಳಗಳನ್ನು ಒಂದೊಂದಾಗಿ ಕಟ್ಟಿ, ಉಚ್ಚೆಯ ನಾಳ ಕಟ್ಟಿ ಕತ್ತರಿಸಿ, ಇಬ್ಬರೂ ಮೊಳಕೈವರೆಗೆ ಕೈಯಿಳಿಸಿ ಅದನ್ನು ಹೊರತೆಗೆದಾಗ ಬಕೆಟ್ಟಿನಲ್ಲಿ ದಪ್ಪನೆ ಬಿತ್ತು. ಐದೂವರೆ ಕಿಲೋ. ಸುಬೇದಾರ ಒಮ್ಮೆ ನಡುಗಿ, ಹಾಗೇ ನಿಂತುಕೊಂಡಿತು. ವಿರೂಪಾಕ್ಷಪ್ಪ ಅದರ ಮುಖವನ್ನು ಎದೆಗೆ ಒತ್ತಿಕೊಂಡು ಗೊಳೋ ಎಂದು ಅತ್ತ. ಆ ಅಳುವಿನಲ್ಲಿ ಸುಳ್ಳು ಇರಲಿಲ್ಲ.

"ಉಳೀತೈತಿ," ಎಂದರು ಶಶಿಕಾಂತ ಹೊಲಿಗೆ ಮುಗಿಸಿ. "ಆದ್ರ ಒಂದು ಕೇಳ್ರಿ. ಗಡ್ಡಿ ಸೊಂಟದ ಒಳಮಾಂಸಕ್ಕ ಅಂಟಿತ್ತು. ಆ ಮಾಂಸಾನೂ ತೆಗೀಬೇಕಾತು. ಅಡ್ಡಾಡತೈತಿ, ಮೇಯತೈತಿ. ಓಡಂಗಿಲ್ಲ. ಎರಡು ತಿಂಗಳ ಹಿಂದ ತಂದಿದ್ರ ಕಿಡ್ನಿ ಒಂದ ತೆಗೀತಿದ್ದೆ, ಬರೋ ವರ್ಷ ಮತ್ತ ಓಡ್ತಿತ್ತು."

ಸುದ್ದಿ ಈಗ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಮೂರೂ ತಾಲೂಕು ತುಂಬ ಹಬ್ಬಿತು. ಮಾತಾಡಿಸಲು ಬರುವವರ ಸಾಲು ಮತ್ತೆ ಹತ್ತಿತು, ಈ ಸಲ ಎರಡು ಪಟ್ಟು ಉದ್ದ. ವಿರೂಪಾಕ್ಷಪ್ಪನಿಗೆ ಬಾಳೆಹಣ್ಣು ತಂದವರು ಸುಬೇದಾರನಿಗೆ ಬದಾಮಿ ತಂದರು. ಕಟ್ಟೆಯ ಮೇಲೆ ಕುಳಿತಿದ್ದವನನ್ನು ದಾಟಿಕೊಂಡು ಸೀದಾ ಕೊಟ್ಟಿಗೆಗೆ ಹೋಗುತ್ತಿದ್ದರು. ಸುಬೇದಾರನ ಮೈಯಲ್ಲಿ ಹರಿಯುವುದು ರಾಕೆಟ್‌ನ ರಕ್ತ ಎಂದು ಮನೋಹರ ಸಿಕ್ಕಸಿಕ್ಕಲ್ಲಿ ಹೇಳುತ್ತಿದ್ದ. ಹೇಳುವ ಹಕ್ಕು ಅವನಿಗಿತ್ತು. ಕರೆವ್ವ ಎರಡೂ ಹೊತ್ತು ಉಣ್ಣತೊಡಗಿದಳು, ಚಪ್ಪಲಿ ಮೆಟ್ಟಿದಳು, ಗಂಡನಿಗೆ ತಾಟು ಇಟ್ಟು ಸುಮ್ಮನೆ ಎದ್ದು ಹೋಗುತ್ತಿದ್ದಳು. ಹಾಲಿನ ರೊಟ್ಟಿ ನಿಂತಿತು.

ಪಾಡ್ಯ ಬಂತು. ಊರೆಲ್ಲ ಬಯಲಿಗೆ ಹೋಗಿತ್ತು. ವಿರೂಪಾಕ್ಷಪ್ಪ ಕೊಟ್ಟಿಗೆಯಲ್ಲಿ ಹೋರಿಯ ಗಾಯಕ್ಕೆ ಬೇವಿನೆಣ್ಣೆ ಹಚ್ಚುತ್ತಿದ್ದಾಗ ದೂರದಲ್ಲಿ ಹಲಗೆ ಬಡಿದರು, ಪಟಾಕಿ ಸಿಡಿಯಿತು, ಮೈಕಿನಲ್ಲಿ ಯಾರದೋ ಹೋರಿಯ ಹೆಸರು ಕೂಗಿದರು. ಸುಬೇದಾರ ಕಿವಿ ನಿಮಿರಿಸಿತು. ಅದಕ್ಕೆ ಎಲ್ಲ ಗೊತ್ತಿತ್ತು. ತನಗೇನಾಗಿದೆ ಎಂಬುದೊಂದು ಗೊತ್ತಿರಲಿಲ್ಲ. ಒಂದೇ ಜಗ್ಗಿಗೆ ಗೂಟ ಅಲುಗಿತು. ಹಿಂಗಾಲು ಮಡಚಿ ಕುಸಿಯಿತು, ಎದ್ದಿತು, ಮತ್ತೆ ಜಗ್ಗಿತು. ವಿರೂಪಾಕ್ಷಪ್ಪ ಕೊರಳಿಗೆ ಜೋತುಬಿದ್ದ. "ಬ್ಯಾಡೋ ನನ್ನಪ್ಪಾ, ಬ್ಯಾಡೋ," ಎನ್ನುತ್ತಿದ್ದ. ಅದು ಅವನನ್ನೂ ಎಳೆದುಕೊಂಡು ಬಾಗಿಲ ಕಡೆಗೆ ಒಂದು ಹೆಜ್ಜೆ ಇಟ್ಟಿತು.

ಸಪ್ಪಳ ಕೇಳಿ ಕರೆವ್ವ ಬಂದು ಹಗ್ಗದ ಇನ್ನೊಂದು ತುದಿಯನ್ನು ಕಂಬಕ್ಕೆ ಸುತ್ತಿ ಹಿಡಿದಳು. ತಿಂಗಳಾದ ಮೇಲೆ ಇಬ್ಬರೂ ಒಂದೇ ಕಡೆ ಬಂದು ನಿಂತದ್ದು ಆಗಲೆ.

"ತಪ್ಪಾತು," ಎಂದ ವಿರೂಪಾಕ್ಷಪ್ಪ. "ನಂದ ತಪ್ಪಾತು."

"ಯಾರಿಗೆ ಹೇಳಾಕತ್ತೀರಿ?" ಎಂದಳು ಕರೆವ್ವ. "ನನಗೋ, ಅದಕ್ಕೋ?"

ಅವನ ಮುಖ ಹೋರಿಯ ಕೊರಳಲ್ಲಿ ಹುದುಗಿತ್ತು. ಕರೆವ್ವ ಹಗ್ಗಕ್ಕೆ ಇನ್ನೊಂದು ಗಂಟು ಹಾಕಿ ಒಳಗೆ ಹೋದಳು.